ಅಕ್ಕಿ ಗಿರಣಿಗೆ ಹೋದ ದಾಳಿಂಬೆ

ಇವತ್ತು ಬೆಳಿಗ್ಗೆ ಟ್ರಂಕಿನ ತಳದಲ್ಲಿ ಸುತ್ತಿಟ್ಟ ಖಾಕಿ ಕಾಗದವೊಂದು ಸಿಕ್ಕಿತು. ಕುಬಸ ಕತ್ತರಿಸಲು ಬಟ್ಟೆಯ ಮೇಲೆ ಇಟ್ಟುಕೊಳ್ಳುವ ಅಳತೆಯ ಕಾಗದ. ಹೊಲಿಗೆ ಯಂತ್ರದ ಎಣ್ಣೆಯ ವಾಸನೆ ಇನ್ನೂ ಹೋಗಿಲ್ಲ. ಪಕ್ಕದ ಮನೆಯ ಸೊಸೆ ರುಕ್ಮವ್ವ ಹೊಸ ಯಂತ್ರ ತಂದು, ವಾರದಿಂದ ಇದನ್ನೇ ಕೇಳುತ್ತಿದ್ದಾಳೆ. ಕೊಟ್ಟಿರಲಿಲ್ಲ. ಕುಷ್ಟಗಿಯಲ್ಲಿ ಕುಬಸ ಹೊಲಿದು ಬದುಕಿದವಳು ನಾನು. ಒಡಹುಟ್ಟಿದ ತಂಗಿಗೂ ಅಳತೆಯ ಕಾಗದ ಕೊಟ್ಟವಳಲ್ಲ. ಅದಕ್ಕೆ ನಾಚಿಕೆಯೇನೂ ಇಲ್ಲ. ನನ್ನ ಕೆಲಸ ನಾನು ಕಾಯ್ದುಕೊಂಡೆ.

ಕಾಗದ ಬಿಚ್ಚಿದಾಗ ಶೋಭಾ ನೆನಪಾದಳು. ಕೆಲವು ವರ್ಷದ ಹಿಂದೆ ನಮ್ಮ ಮುಂದಿನ ಖೋಲಿಯಲ್ಲಿ ಬಾಡಿಗೆಗಿದ್ದಳು, ಯಲಬುರ್ಗಾ ಕಡೆಯ ಹುಡುಗಿ. ಅಂಗಡಿಯವರಿಗೆ ವೆಬ್‌ಸೈಟ್ ಮಾಡಿಕೊಡುವ ಕೆಲಸ. ವೆಬ್‌ಸೈಟ್ ಅಂದರೆ, ನನಗೆ ತಿಳಿದಷ್ಟು ಹೇಳುತ್ತೇನೆ, ಫೋನಿನಲ್ಲಿ ಕಾಣುವ ಅಂಗಡಿಯ ಬೋರ್ಡು. ಅದರ ಕೆಳಗಿನ ಗುಂಡಿ ಒತ್ತಿದರೆ ಅಂಗಡಿಯವನಿಗೆ ಫೋನು ಹೋಗುತ್ತದೆ. ನನ್ನ ಅಕ್ಷರ ಬಸ್ಸಿನ ಬೋರ್ಡು ಓದುವಷ್ಟೇ, ಅದಕ್ಕೇ ಬೋರ್ಡೆಂದರೆ ಬೇಗ ತಿಳಿಯುತ್ತದೆ.

ಗಂಗಾವತಿಯಲ್ಲಿ ಅವಳ ಗೆಳತಿ ನಾಗವೇಣಿ; ಅವಳದೂ ಅದೇ ಕೆಲಸ. ವೆಬ್‌ಸೈಟ್ ಹೀಗೆ ನಡೆಯಬೇಕೆಂದು ಕಂಪ್ಯೂಟರಿಗೆ ಬರೆದು ಹೇಳುವುದಕ್ಕೆ ಕೋಡು ಅನ್ನುತ್ತಾರಂತೆ; ಒಬ್ಬಳು ಬರೆದ ಕೋಡಿನ ತುಂಡನ್ನು ಇನ್ನೊಬ್ಬಳಿಗೆ ಕಳಿಸುವುದು. ಎಲ್ಲಿ ಹಾಕಬೇಕು, ಮೊದಲು ಏನು, ಆಮೇಲೆ ಏನು ಎಂದು ಬರೆದು ಅದರ ಜೊತೆಗೇ ಕಳಿಸುವುದು. ಇವರಿಬ್ಬರೇ ಅಲ್ಲ, ಕೊಪ್ಪಳದವರೂ ಸೇರಿ ಅಂಥವರದೊಂದು ಗುಂಪೇ ಫೋನಿನಲ್ಲಿತ್ತು.

“ಆಕಿದೂ ಅದ ಧಂದೆ, ನಿಂದೂ ಅದ ಧಂದೆ,” ಎಂದೆ ಒಂದು ದಿನ. “ಮಾಡಿದ್ದೆಲ್ಲಾ ಹಿಂಗ ಕೊಟ್ಟರ ನಿನ್ನ ಗಿರಾಕಿ ಆಕಿ ಕಡೆ ಹೋಗಂಗಿಲ್ಲೇನ?”

“ಆಯಿ, ಆಕೀದು ತೊಗೊಂಡ ನಾನೂ ಕಲ್ತೀನ್ರಿ.”

“ಹಂಗಾರ ಇಬ್ರೂ ಹುಚ್ಚರದೀರಿ.”

“ಅದೀವಿ ಬಿಡ್ರಿ. ಹುಚ್ಚಿ ಮಾಡಿದ ಚಾ ಕುಡೀತೀರೇನು?”

ಕುಡಿದೆ. ಚಹಾ ಛಲೋ ಮಾಡುತ್ತಿದ್ದಳು.

ದಾಳಿಂಬೆಯ ಹಂಗಾಮು ಬಂತು. ಹಣ್ಣಿನ ವ್ಯಾಪಾರಿ ಶರಣಪ್ಪನಿಗೆ ಶೋಭಾ ವೆಬ್‌ಸೈಟ್ ಮಾಡಿಕೊಟ್ಟಿದ್ದಳು. ಅದರ ಗುಂಡಿಯ ಕೋಡು ನಾಗವೇಣಿಯದು, ಗಂಗಾವತಿಯ ಒಂದು ಅಕ್ಕಿ ಗಿರಣಿಗೆಂದು ಅವಳು ಬರೆದಿದ್ದದ್ದು. ಶೋಭಾ ಹೆಸರು ಬದಲಿಸಿದಳು, ಅಕ್ಕಿಯ ಚಿತ್ರ ತೆಗೆದು ಹಣ್ಣಿನ ಚಿತ್ರ ಹಾಕಿದಳು. ಗುಂಡಿಯ ಹಿಂದೆ ಗಿರಣಿಯವನ ಫೋನ್ ನಂಬರು ಹಾಗೇ ಉಳಿಯಿತು. ಅದನ್ನು ಬದಲಿಸಬೇಕೆಂದು ನಾಗವೇಣಿ ಬರೆದಿರಲಿಲ್ಲ. ಬರೆಯುವ ಮಾತೆಂದೇ ಅವಳಿಗೆ ಅನಿಸಿರಲಿಲ್ಲ.

ಪರಿಚಯದ ಗಿರಾಕಿಯೊಬ್ಬ ಬಜಾರದಲ್ಲಿ ಸಿಕ್ಕು ಹೇಳಿದ ಮೇಲೆ ಶರಣಪ್ಪನಿಗೆ ಗೊತ್ತಾಯಿತು. ಚಪ್ಪಲಿ ಕೂಡ ಬಿಡದೆ ಖೋಲಿಗೆ ನುಗ್ಗಿದ.

“ಏನವಾ, ಹಣ್ಣು ನನ್ನವು, ಫೋನು ಗಂಗಾವತಿ ಗಿರಣಿಗೆ! ಚೀಲದಾಗ ತುಂಬಿ ಇಡಾಕ ಇದೇನು ಅಕ್ಕಿ ಅಂತ ತಿಳ್ಕೊಂಡಿಯೇನು?”

“ಅದು ಗಂಗಾವತಿಯಾಕಿ ಕೊಟ್ಟಿದ್ದು. ಬೇಕಂತನ ಮಾಡ್ಯಾಳ,” ಎಂದೆ ನಾನು, ಯಾರೂ ಕೇಳದಿದ್ದರೂ.

“ಆಯಿ, ಸುಮ್ನಿರ್ರಿ,” ಎಂದಳು ಶೋಭಾ. “ಹಾಕಿದಾಕಿ ನಾನರಿ. ನೋಡದ ಹಾಕೀನಿ.”

“ಸಂಜಿ ತನಕ ನೋಡ್ತೀನಿ. ಬಂದ ಗಿರಾಕಿ ನನಗ ಸಿಗಬೇಕು. ಇಲ್ಲಂದ್ರ ಈ ಬಜಾರದಾಗ ನಿನಗ ಒಬ್ಬರೂ ಕೆಲಸ ಕೊಡಂಗಿಲ್ಲ, ಹಂಗ ಮಾಡ್ತೀನಿ.”

ಅವನು ಮಾಡುವವನೇ. ಒಬ್ಬರ ಬಾಯಿಂದ ಇನ್ನೊಬ್ಬರಿಗೆ ಹೋಗಿ ಬರುವ ಕೆಲಸ ಅವಳದು. ಆ ಬಾಯಿ ಕೆಟ್ಟರೆ ಖೋಲಿ ಖಾಲಿ ಮಾಡಿ ಊರಿಗೆ ಹೋಗಬೇಕು.

ನಂಬರು ಬದಲಿಸಲು ಅವಳಿಗೆ ಹೊತ್ತೇ ಹಿಡಿಯಲಿಲ್ಲ. ಆದರೆ ಅದಾಗಲೇ ಫೋನು ಮಾಡಿದವರು? ನಾಗವೇಣಿಗೆ ಫೋನು ಹಚ್ಚಿ, ದನಿ ಹೊರಗೆ ಕೇಳುವಂತೆ ಇಟ್ಟು, ನಡೆದದ್ದು ಹೇಳಿದಳು. ಜಗಳ ಕೇಳೋಣವೆಂದು ನಾನು ಕಸಬರಿಗೆ ಹಿಡಿದು, ಇಲ್ಲದ ಕಸ ಗುಡಿಸುತ್ತ ನಿಂತೆ.

“ಯವ್ವಾ! ನಂಬರ ಬದಲ ಮಾಡು ಅಂತ ನಾನು ಬರದಿಲ್ಲೇನ?” ಎಂದಳು ಆಚೆಯಿಂದ ನಾಗವೇಣಿ.

“ಬರದಿಲ್ಲ. ನಾನೂ ನೋಡ್ಲಿಲ್ಲ.”

“ತಡಿ, ಗಿರಣಿಗೆ ಹೊಂಟೆ.”

ಜಗಳ ಅಷ್ಟೇ. ನನಗೆ ಸಪ್ಪೆ ಎನಿಸಿತು. ನಾಗವೇಣಿ ಗಿರಣಿಗೆ ಹೋಗಿ ಹಣ್ಣು ಕೇಳಿದವರ ನಂಬರುಗಳನ್ನೆಲ್ಲ ಬರೆದು ಕಳಿಸಿದಳು. “ಅಕ್ಕಿ ಐತಿ, ಹಣ್ಣಿಲ್ಲ ಅಂತ ಹೇಳಿ ಹೇಳಿ ನನ್ನ ಗಂಟಲ ಹೋಗೈತಿ” ಎಂದು ಗಿರಣಿಯವನು ಬೈದನಂತೆ. ಶರಣಪ್ಪ ಒಬ್ಬೊಬ್ಬರಿಗೇ ಫೋನು ಮಾಡಿದ. ಕೆಲವರು ಬೇರೆ ಕಡೆ ಕೊಂಡಾಗಿತ್ತು, ಉಳಿದವರು ಸಿಕ್ಕರು. ಸಂಜೆ ಬಜಾರದಲ್ಲಿ ಶೋಭಾಳ ವಿರುದ್ಧ ಅವನು ತುಟಿ ಬಿಚ್ಚಲಿಲ್ಲ. ಅವನ ಮಟ್ಟಿಗೆ ಅದು ಹೊಗಳಿಕೆ.

ಆ ಹುಡುಗಿಯರು ಮಾತ್ರ ತುಟಿ ಬಿಚ್ಚಿದರು. ನಡೆದದ್ದನ್ನೆಲ್ಲ ಗುಂಪಿನವರಿಗೆ ತಿಳಿಸಿ, ಆ ಕೋಡಿನ ತಲೆಯ ಮೇಲೆ ಒಂದು ಸಾಲು ಸೇರಿಸಿ ಕಳಿಸಿದರು: ಇದರೊಳಗೆ ಇನ್ನೊಬ್ಬರ ನಂಬರ್ ಇದೆ, ಮೊದಲು ಅದನ್ನು ಬದಲಿಸಿ.

“ನಿಮ್ಮ ಮರ್ಯಾದಿ ನೀವ ಕಳ್ಕೋತೀರಲ್ಲ?” ಎಂದೆ.

“ಮತ್ತೊಬ್ರು ಹಿಂಗ ಬೀಳಬಾರ್ದಲ್ರಿ ಆಯಿ.”

ಆಗ ನನಗೆ ಅದು ಒಪ್ಪಿಗೆಯಾಗಲಿಲ್ಲ. ಶೋಭಾ ಈಗ ಕೊಪ್ಪಳದಲ್ಲಿ ಸ್ವಂತ ಅಂಗಡಿ ಇಟ್ಟುಕೊಂಡಿದ್ದಾಳೆ. ಖೋಲಿಯಲ್ಲಿ ಬೇರೆಯವರಿದ್ದಾರೆ, ಅವರ ಚಹಾ ಬರೀ ನೀರು.

ಕಾಗದವನ್ನು ನೆಲದ ಮೇಲೆ ಹಾಸಿ ನೋಡಿದೆ. ಎಡ ಭುಜ ಒಂದು ಬೆರಳು ಇಳಿದಿದೆ. ನನ್ನ ಹಳೆಯ ಗಿರಾಕಿ ನೀಲವ್ವನ ಮೈಗೆ ಕತ್ತರಿಸಿದ್ದು ಇದು. ಕೊಡ ಹೊತ್ತು ಹೊತ್ತು ಅವಳ ಆ ಭುಜ ಜಗ್ಗಿತ್ತು. ಬೇರೆಯವರಿಗೆ ಕತ್ತರಿಸುವಾಗ ನನ್ನ ಕೈ ತಾನಾಗಿ ಅದನ್ನು ಏರಿಸಿಕೊಳ್ಳುತ್ತಿತ್ತು. ರುಕ್ಮವ್ವನ ಕೈಗೆ ಅದು ಹೇಗೆ ಗೊತ್ತಾಗಬೇಕು? ಹಾಗೇ ಕೊಟ್ಟಿದ್ದರೆ ಓಣಿಯ ಹೆಂಗಸರೆಲ್ಲ ವಾರೆ ಭುಜದ ಕುಬಸ ತೊಟ್ಟು ತಿರುಗುತ್ತಿದ್ದರು.

ಪೆನ್ಸಿಲ್ ಹುಡುಕಿ, ಭುಜದ ಹತ್ತಿರವೇ ಬರೆದೆ. ಬರೆಯಲು ಹೊತ್ತು ಹಿಡಿಯಿತು. ರುಕ್ಮವ್ವನನ್ನು ಕರೆದು, “ಮೊದಲ ಓದು,” ಎಂದೆ.

“ಎಡ ಭುಜ ಏರಿಸು. ಇದು ನೀಲವ್ವನ ಮೈ,” ಎಂದು ಓದಿದಳು. “ನೀಲವ್ವ ಯಾರ್ರಿ ಆಯಿ?”

“ಇದ್ಲು ಒಬ್ಬಾಕಿ. ಇನ್ನೊಮ್ಮಿ ಓದು.”

ಓದಿದಳು. ಆಮೇಲೆ ಕಾಗದ ಕೊಟ್ಟೆ.