ನುಗ್ಗೆಮರದ ಬುಡದ ಮಾತ್ರೆ

ಹೆರಿಗೆಗೆಂದು ಬಂದಿರುವ ಮೊಮ್ಮಗಳು ಮೊನ್ನೆ ಉಂಡಾದ ಮೇಲೆ ಕೆಂಪು ಮಾತ್ರೆ ಬಿಡಿಸಿದಳು. ತುಕ್ಕು ಹಿಡಿದ ಮೊಳೆಯ ವಾಸನೆ. ನರ್ಸಮ್ಮ ನೆನಪಾದರು...

ರಾವಂದೂರಿನ ಕಡೆಯಿಂದ ನಮ್ಮ ಹಳ್ಳಿಗೆ ಗುರುವಾರ ಗುರುವಾರ ನಡೆದೇ ಬರುತ್ತಿದ್ದರು. ನಾನಾಗ ಎರಡನೇ ಬಸುರಿ. ಮೊದಲನೆಯದು ಏಳು ತಿಂಗಳಿಗೇ ಹುಟ್ಟಿ ಉಳಿಯಲಿಲ್ಲ. ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು ಬರುತ್ತಿತ್ತು. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಗೋಡೆ ಮಣ್ಣನ್ನು ಕದ್ದು ಕೆರೆದು ತಿನ್ನುತ್ತಿದ್ದೆ. ಬಸುರಿಯ ಬಯಕೆ ಅಂದುಕೊಂಡಿದ್ದೆ. ನರ್ಸಮ್ಮ ನನ್ನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ಸುಣ್ಣ ಬಳಿದ ಹಾಗಿದೆ, ಹೀಗೇ ಬಿಟ್ಟರೆ ಈ ಸಲ ಮಗುವಿನ ಜೊತೆ ನೀನೂ ಹೋಗುತ್ತೀಯ ಎಂದು ಮುಖಕ್ಕೇ ಹೇಳಿ ರಕ್ತ ಹೆಚ್ಚಿಸುವ ಇಂಥದೇ ಮಾತ್ರೆ ಕೊಟ್ಟರು.

ಮಾತ್ರೆ ನುಂಗಿದರೆ ಮಗು ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆ ಎಂದು ಅತ್ತೆ ಹೆದರಿಸಿದರು. ಅಷ್ಟನ್ನೂ ಹಿತ್ತಲ ನುಗ್ಗೆಮರದ ಬುಡದಲ್ಲಿ ಹೂತುಬಿಟ್ಟೆ. ಮುಂದಿನ ಗುರುವಾರ ನರ್ಸಮ್ಮನ ಎದುರಿಗೇ ಕೋಳಿ ಕೆದಕಿ ಈಚೆಗೆ ಹಾಕಿತು.

"ಮರಕ್ಕೆ ರಕ್ತ ಕಮ್ಮಿ ಆಗಿತ್ತೇನವ್ವ?" ಎಂದರು, ಅಷ್ಟೇ. ಬೈಯಲಿಲ್ಲ. ಒಳಗೆ ಬಂದು ಅತ್ತೆಯ ಹತ್ತಿರ ಊಟ ಕೇಳಿದರು.

ನಮ್ಮಲ್ಲಿ ಗಂಡಸರು, ಮಕ್ಕಳು, ಅತ್ತೆ ಉಂಡ ಮೇಲೆ ಸೊಸೆಯ ಸರದಿ. ನನ್ನ ಪಾಲಿಗೆ ಮುದ್ದೆ ಇರುತ್ತಿತ್ತು, ಸಾರಿನಲ್ಲಿ ಸೊಪ್ಪೂ ಕಾಳೂ ಇರುತ್ತಿರಲಿಲ್ಲ. ಹಸಿದು ಬಂದವರನ್ನು ಉಣ್ಣಿಸದೆ ಕಳಿಸುವ ಮನೆಯೂ ನಮ್ಮದಲ್ಲ. ನರ್ಸಮ್ಮನಿಗೆ ಎರಡೂ ಗೊತ್ತಿತ್ತು.

"ಒಬ್ಳೇ ಕುಂತ್ರೆ ನಂಗೆ ಊಟ ಇಳಿಯಕ್ಕಿಲ್ಲ ಕಣವ್ವ. ನಿಮ್ ಸೊಸೆನೂ ಕುಂತ್ಕಳ್ಳಿ."

ಅತ್ತೆ ನನ್ನತ್ತ ತಿರುಗಿದರು. "ಕುಂತ್ಕೊ, ನೀನೂ ನೆಂಟ್ರಂಗೆ."

ನೆಂಟರ ತಟ್ಟೆಗೆ ಗಟ್ಟಿ, ಸೊಸೆಯ ತಟ್ಟೆಗೆ ತಿಳಿ ಬಡಿಸುವುದು ಹೇಗೆ? ಎರಡಕ್ಕೂ ತಳದಿಂದಲೇ ಸೌಟು ಎತ್ತಬೇಕಾಯಿತು. ಆ ಮನೆಯಲ್ಲಿ ಅವತ್ತೇ ಮೊದಲ ಸಲ ನಾನು ಬಿಸಿ ಬಿಸಿ ಹುರುಳಿಕಾಳು, ನುಗ್ಗೆಸೊಪ್ಪು ಉಂಡದ್ದು. ಕೈ ತೊಳೆದ ಮೇಲೆ ನರ್ಸಮ್ಮ ಎದುರಿಗೆ ಕೂತು ಮಾತ್ರೆ ನುಂಗಿಸಿದರು. ಹೊರಡುವಾಗ ಹೊಸಿಲ ಮೇಲೆ ನಿಂತು ಅತ್ತೆಯನ್ನು ಕೇಳಿದರು: "ದಿನಾ ಇವ್ಳನ್ನ ಜೊತೇಲಿ ಕೂರುಸ್ಕತೀರೋ, ಇಲ್ಲ ನಾನೇ ದಿನಾ ಉಣ್ಣಕ್ಕೆ ಬರ್ಲೋ?"

ಅತ್ತೆಗೂ ನಗು ಬಂತು. ಕೂರಿಸಿಕೊಂಡರು. ಗುರುವಾರ ಬಂದಾಗ ನರ್ಸಮ್ಮನೂ ನಮ್ಮ ಜೊತೆ ಉಂಡೇ ಹೋಗುತ್ತಿದ್ದರು.

ದಿನ ತುಂಬಿ ಗಂಡುಮಗು ಹುಟ್ಟಿತು. ನಾನೂ ಉಳಿದೆ. ಆಮೇಲೆ ಕೇರಿಯ ಬಸುರಿಯರಿಗೆಲ್ಲ ಮಾತ್ರೆಯ ಗುಣ ಹೇಳುತ್ತ ತಿರುಗಿದವರು ನಮ್ಮ ಅತ್ತೆಯೇ, ತಾವೇ ಕಂಡುಹಿಡಿದ ಹಾಗೆ.

ಬಡಿಸುವ ಸೌಟು ಅತ್ತೆಯಿಂದ ನನ್ನ ಕೈಗೆ ಬರುವಷ್ಟರಲ್ಲಿ ನರ್ಸಮ್ಮನಿಗೆ ಕೋಟೆ ತಾಲ್ಲೂಕಿನ ಕಡೆಗೆ ವರ್ಗವಾಗಿತ್ತು. ಹೋದ ವರ್ಷ ತೀರಿಕೊಂಡರಂತೆ. ಸುದ್ದಿ ಬಂದಾಗ ತಿಥಿಯೂ ಮುಗಿದಿತ್ತು...

ಈಗ ಮೊಮ್ಮಗಳ ತಟ್ಟೆಗೆ ತಳದಿಂದಲೇ ಬಡಿಸುತ್ತೇನೆ. ನರ್ಸಮ್ಮನ ಪಕ್ಕ ಕೂತು ಎಷ್ಟೋ ಗುರುವಾರ ಉಂಡೆ. ನನ್ನ ಕೈಯಿಂದ ಅವರಿಗೆ ಒಂದು ಸೌಟು ಸಾರನ್ನೂ ಬಡಿಸಲಿಲ್ಲ.