ಬಾಯೊಳಗಿನ ಸಾಂತಾಣಿ

ಮಕ್ಕಳನ್ನು ಶಾಲೆಗೆ ಕಳಿಸಿದರೆ ಮನೆಯಲ್ಲಿ ನೆಮ್ಮದಿ ಎಂದು ಹೇಳುವವರು ಮಳೆಗಾಲದಲ್ಲಿ ಅಂಗಿ ಒಣಗಿಸಿದವರಲ್ಲ. ನನ್ನ ಇಬ್ಬರಿಗೂ ಇದ್ದದ್ದು ಒಂದೊಂದೇ ಜೊತೆ ಬಟ್ಟೆ. ಒಲೆಯ ಮೇಲಿನ ಹಗ್ಗಕ್ಕೆ ಹಾಕಿದರೆ ಬೆಳಿಗ್ಗೆ ಹೇಗೋ ಒಣಗುತ್ತಿತ್ತು, ಹೊಗೆಯ ವಾಸನೆ ಮಾತ್ರ ಹೋಗುತ್ತಿರಲಿಲ್ಲ. ಸ್ಲೇಟಿನ ಕಡ್ಡಿಯನ್ನು ಮಗ ಬರೆದು ಮುಗಿಸಿದ್ದಕ್ಕಿಂತ ತಿಂದು ಮುಗಿಸಿದ್ದೇ ಹೆಚ್ಚು. ಬೈದು ಬೈದು ನನ್ನ ಗಂಟಲು ನೋಯುತ್ತಿತ್ತು. ಆದರೂ ಸಂಜೆ ಇಬ್ಬರೂ ಒಂದೇ ಓಲೆಕೊಡೆಯ ಕೆಳಗೆ ಗದ್ದೆಯ ಬದುವಿನಲ್ಲಿ ಬರುವುದು ಕಂಡರೆ, ಸುಳ್ಳೇಕೆ ಹೇಳಲಿ, ಮನಸ್ಸು ತುಂಬುತ್ತಿತ್ತು.

ನಾವಿದ್ದದ್ದು ಬದಿಯಡ್ಕದಿಂದ ಸ್ವಲ್ಪ ಒಳಗೆ. ಗಂಡ ಅಡಿಕೆ ಮೂಟೆ ಹೊರುತ್ತಿದ್ದರು, ನಾನು ಮನೆಯಲ್ಲಿ ಬೀಡಿ ಕಟ್ಟುತ್ತಿದ್ದೆ. ಮಗನಿಗೆ ಬೀಡಿ ಎಲೆಯ ಗೆರಸೆಯೇ ಆಟದ ಅಂಗಳ. ಹಾಗಾಗಿ ಅವನನ್ನು ನೋಡಿಕೊಳ್ಳಲು ಮಗಳು ಮನೆಯಲ್ಲೇ ಉಳಿದಿದ್ದಳು. ಅವನಿಗೆ ಐದಾದಾಗ ಇಬ್ಬರನ್ನೂ ಒಟ್ಟಿಗೆ ಒಂದನೆಯ ಕ್ಲಾಸಿಗೆ ಸೇರಿಸಿದೆ. ಅವಳಿಗೆ ಆಗ ಎಂಟು. ಶಾಲೆಯಲ್ಲಿ ತಮ್ಮ ನಿಂತರೆ ಮಾತ್ರ ನಿನಗೂ ಶಾಲೆ ಎಂದು ಅವಳಿಗೆ ಮೊದಲೇ ಹೇಳಿದ್ದೆ.

ಶುರುವಿನಲ್ಲಿ ಅವನು ಶಾಲೆಯ ಮೆಟ್ಟಿಲಲ್ಲೇ ಕುಳಿತು ಬೊಬ್ಬೆ ಹಾಕುತ್ತಿದ್ದನಂತೆ. ಆಮೇಲೆ ಬೊಬ್ಬೆ ನಿಂತಿತು. ಅಭ್ಯಾಸವಾಯಿತು ಎಂದುಕೊಂಡೆ.

ಆಟಿ ತಿಂಗಳ ಜಡಿಮಳೆಯಲ್ಲಿ ಮಾಷ್ಟ್ರು ನನಗೆ ಹೇಳಿಕಳಿಸಿದರು. ಹೋದೆ.

"ನಿಮ್ಮ ಮಗನಿಗೆ ಮಾತು ಬರ್ತದಾ?" ಎಂದು ಕೇಳಿದರು.

"ಮಾತಾ? ಮನೆಯಲ್ಲಿ ಅವನ ಬಾಯಿ ಮುಚ್ಚಿಸುವುದೇ ನನಗೊಂದು ಕೆಲಸ."

"ಇಲ್ಲಿ ಹೆಸರು ಕರೆದರೆ ಹಾಜರಿ ಹೇಳುವುದಿಲ್ಲ. ಮಗ್ಗಿ ಕೇಳಿದರೆ ಕಣ್ಣು ಬಿಟ್ಟುಕೊಂಡು ನಿಲ್ತಾನೆ. ಇನ್ನೊಂದು ವರ್ಷ ಮನೆಯಲ್ಲೇ ಇರಲಿ."

ಹುಡುಗಿಯರ ಸಾಲಿನಲ್ಲಿದ್ದ ಮಗಳು ಸ್ಲೇಟನ್ನು ಎದೆಗೆ ಒತ್ತಿ ಹಿಡಿದಳು. ಅವಳ ಮುಖ ನೋಡಲಾಗಲಿಲ್ಲ. ನನ್ನ ಸಿಟ್ಟೆಲ್ಲ ಮಗನ ಮೇಲೆ ತಿರುಗಿತು. ಅವನ ಕೆನ್ನೆ ಹಿಂಡಿದೆ. ಒಳಗೆ ಏನೋ ಗಟ್ಟಿಯಾಗಿ ಸಿಕ್ಕಿತು.

"ಉಗಿ," ಎಂದೆ. ಅಂಗೈಗೆ ಬಿದ್ದದ್ದು ಒಂದು ಸಾಂತಾಣಿ.

ಹಲಸಿನ ಬೀಜವನ್ನು ಉಪ್ಪುನೀರಿನಲ್ಲಿ ಬೇಯಿಸಿ, ಕಲ್ಲಿನಂತಾಗುವ ತನಕ ಬಿಸಿಲಿಗೆ ಒಣಗಿಸಿ ನಾನೇ ಮಾಡಿಟ್ಟದ್ದು. ಬಾಯಲ್ಲಿಟ್ಟರೆ ಮೆತ್ತಗಾಗಲು ಎಷ್ಟೋ ಹೊತ್ತು ಬೇಕು. ಸಂಜೆ ಗಂಜಿಯ ನಂತರ ಇಬ್ಬರಿಗೂ ಒಂದೊಂದು ಕೊಡುತ್ತಿದ್ದೆ. ಮಗ ಆಗಲೇ ಚೀಪಲು ಕೂರುತ್ತಿದ್ದ. ಮಗಳು ತನ್ನದನ್ನು ಲಂಗದ ತುದಿಗೆ ಗಂಟು ಹಾಕುತ್ತಿದ್ದಳು. ಜಿಪುಣಿ ಎಂದು ನಾನು ಅವಳನ್ನು ಕೀಟಲೆ ಮಾಡುತ್ತಿದ್ದೆ.

"ಯಾರು ಕೊಟ್ಟದ್ದು ಇದನ್ನು?"

ಮಗಳು ಎದ್ದು ನಿಂತಳು. "ನಾನು. ಬಾಯಲ್ಲಿ ಎಂತಾದರೂ ಇದ್ದರೆ ಅವ ಕೂಗುವುದಿಲ್ಲ. ಅದು ಮುಗಿಯುವಾಗ ಮಧ್ಯಾಹ್ನ ಆಗ್ತದೆ."

ಮಾಷ್ಟ್ರು ಮಗನ ಕಡೆ ತಿರುಗಿದರು. "ಈಗ ಒಂದರ ಮಗ್ಗಿ ಹೇಳು ನೋಡುವಾ."

ಅವನು ಕಣ್ಣನ್ನು ನನ್ನ ಕೈಯಲ್ಲಿದ್ದ ಸಾಂತಾಣಿಯ ಮೇಲೇ ಇಟ್ಟು, ಒಂದೇ ಉಸಿರಿಗೆ ಮಗ್ಗಿ ಮುಗಿಸಿದ. ಮುಗಿಸಿದವನೇ ಅದಕ್ಕಾಗಿ ಕೈ ಚಾಚಿದ. ಮಾಷ್ಟ್ರಿಗೆ ನಗು ತಡೆಯಲಾಗಲಿಲ್ಲ.

"ಕೊಡಿ ಮಾರಾಯ್ತಿ, ತಿನ್ನಲಿ. ಇನ್ನು ಇವನ ಮಗ್ಗಿ ಮಧ್ಯಾಹ್ನದ ಮೇಲೆ ಕೇಳ್ತೇನೆ. ನಾಳೆ ಇಬ್ಬರೂ ಬರಲಿ."

ಮನೆಯ ದಾರಿಯಲ್ಲಿ ಆ ಲಂಗದ ಗಂಟು ಕಣ್ಣ ಮುಂದೆ ಬಂತು. ಅಷ್ಟು ದಿನ ಮಳೆ ಸುರಿದಿತ್ತು, ಅಷ್ಟೂ ದಿನ ನನ್ನ ಮಗಳು ಒಂದೇ ಒಂದು ಸಾಂತಾಣಿಯನ್ನೂ ತಿಂದಿರಲಿಲ್ಲ. ಬದುವಿನಲ್ಲಿ ನಿಂತು ಅತ್ತೆ. ಮಳೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ.

ಮರುದಿನ ಹೊರಡುವಾಗ ಭರಣಿಯಿಂದ ಎರಡು ತೆಗೆದೆ. ಒಂದನ್ನು ಮಗನ ಬಾಯಿಗೆ ಹಾಕಿದೆ, ಇನ್ನೊಂದನ್ನು ಮಗಳ ಕೈಗಿಟ್ಟೆ. ಅವಳು ಗಂಟು ಹಾಕಲು ಲಂಗದ ತುದಿ ಹಿಡಿದಳು.

"ಇದು ನಿನಗೆ. ಬಾಯಿಗೆ ಹಾಕು," ಎಂದೆ.

ಅವಳು ಹಾಕಲಿಲ್ಲ. ನನ್ನ ಮುಖವನ್ನೇ ನೋಡಿದಳು.

"ಅವನಿಗೆ ನಾಳೆಗೂ ಉಂಟಾ?"