‘ನಮ್ಮವರೇ’ ಎಂದ ಮಧ್ಯಾಹ್ನ

ಡಚ್ಚರ ಊರಾದ ಹೂಫ್‌ಡಾರ್ಪ್‌ನಲ್ಲಿ ಬಸ್ಸು ಹತ್ತಿದಾಗಿನಿಂದ ಅಮ್ಮನ ಜೊತೆ ಫೋನಿನಲ್ಲಿದ್ದೆ. ಮಾತು ಮುಗಿಸುತ್ತಿದ್ದಂತೆ ಹಿಂದಿನ ಸೀಟಿನಿಂದ ಒಂದು ದನಿ: “ಅಕ್ಕಾ, ನೀವು ಮೈಸೂರಿನವ್ರಾ?”

ತಿರುಗಿದರೆ ಟಿಬೆಟನ್ ಹೆಂಗಸು. ಬೈಲಕುಪ್ಪೆಯ ಕ್ಯಾಂಪಿನಲ್ಲಿ ಹುಟ್ಟಿ ಬೆಳೆದವಳು, ಈಗ ಲೈಡನ್ನಿನ ವೃದ್ಧಾಶ್ರಮವೊಂದರಲ್ಲಿ ನರ್ಸ್. ಕುಶಾಲನಗರದ ಸಂತೆಯಲ್ಲಿ ಚೌಕಾಸಿ ಮಾಡಿ ಕಲಿತ ಕನ್ನಡ ಎಂದು ನಕ್ಕಳು. ಇಳಿಯುವ ಹೊತ್ತಿಗೆ ಭಾನುವಾರದ ಊಟಕ್ಕೆ ಕರೆದುಬಿಟ್ಟಿದ್ದೆ.

ಅದೇ ಊಟಕ್ಕೆ ಆಫೀಸಿನ ಚೀನೀ ಗೆಳತಿಯನ್ನೂ ಕರೆದಿದ್ದೆ. ನಾನು ಸೈಕಲ್ಲಿನಿಂದ ಬಿದ್ದು ಕೈ ಮುರಿದುಕೊಂಡಿದ್ದಾಗ ಸಂಜೆ ಸಂಜೆ ಮನೆಗೆ ಬಂದು ತರಕಾರಿ ಹೆಚ್ಚಿ ಕೊಟ್ಟವಳು ಅವಳು. ಇಬ್ಬರಿಗೂ ಚೆನ್ನಾಗಿ ಹೊಂದುತ್ತದೆ ಎಂದುಕೊಂಡೆ. ಅದಕ್ಕಿಂತ ಹೆಚ್ಚು ಯೋಚಿಸಿರಲಿಲ್ಲ.

ಇಬ್ಬರೂ ಬಂದೊಡನೆ ನನ್ನ ಗಂಡ ನಮ್ಮ ಮೂವರದ್ದೂ ಒಂದು ಫೋಟೋ ತೆಗೆದ. ಬಿಸಿಬೇಳೆಭಾತ್ ಬಡಿಸುವಾಗ ಚೀನೀ ಗೆಳತಿ ಇಂಗ್ಲಿಷಿನಲ್ಲಿ ಕೇಳಿದಳು, “ನೀವು ಚೀನಾದವರಾ?”

“ಅಲ್ಲ. ಟಿಬೆಟಿನವಳು.”

“ಹಾಗಾದರೆ ನಮ್ಮವರೇ!” ಎಂದಳು, ಮುಖವೆಲ್ಲ ಅರಳಿಸಿಕೊಂಡು. ಅದರಲ್ಲಿ ಕೊಂಕು ಕಾಣಲಿಲ್ಲ.

ಬೈಲಕುಪ್ಪೆಯವಳು ಚಮಚ ಕೆಳಗಿಟ್ಟಳು. “ನಿಮ್ಮವರೇ ಆಗಿದ್ದರೆ ನಮ್ಮಜ್ಜ ನಮ್ಮಪ್ಪನನ್ನ ಬೆನ್ನಿಗೆ ಕಟ್ಟಿಕೊಂಡು ಹಿಮ ದಾಟಿ ಯಾಕೆ ಓಡಿಬರಬೇಕಿತ್ತು?”

ಚೀನೀ ಗೆಳತಿ, ಶಾಲೆಯಲ್ಲಿ ತನಗೆ ಬೇರೆ ಥರ ಕಲಿಸಿದ್ದಾರೆ ಎಂದಷ್ಟೇ ಸಣ್ಣಗೆ ಹೇಳಿದಳು. ಇವಳು ನನ್ನ ಕಡೆ ತಿರುಗಿ ಕನ್ನಡದಲ್ಲಿ, “ಅಕ್ಕ, ಇವ್ರಿಗೆ ನಿಜವಾಗ್ಲೂ ಗೊತ್ತಿಲ್ವಾ, ಇಲ್ಲಾ ಗೊತ್ತಿಲ್ದಿರೋ ಥರ ಆಡ್ತಿದಾರಾ?” ಎಂದಳು.

“ಏನಂದರು?” ಎಂದು ಗೆಳತಿ ನನ್ನನ್ನೇ ಕೇಳಿದಳು. ಮೊಸರು ತರಲು ಎದ್ದುಹೋದೆ.

ಮಾರನೆಯ ದಿನ ಆಫೀಸಿನ ಕಾಫಿ ಮಷೀನಿನ ಹತ್ತಿರ ಗೆಳತಿ ಕಾದಿದ್ದಳು. “ಆ ಫೋಟೋ ಎಲ್ಲೂ ಹಾಕಬೇಡ. ನನ್ನ ಅಪ್ಪ ಊರಲ್ಲಿ ಸರ್ಕಾರಿ ಮೇಷ್ಟ್ರು. ಟಿಬೆಟಿನವರ ಜೊತೆ ಮಗಳಿಗೇನು ಕೆಲಸ ಅಂತ ಯಾರಾದರೂ ಹೋಗಿ ಅವರನ್ನ ಕೇಳಬಹುದು.”

“ಯಾರು?”

“ಅದೇ ಗೊತ್ತಿಲ್ಲ.” ಕಪ್ಪನ್ನು ಮಷೀನಿನ ಕೆಳಗಿಟ್ಟು, “ನಿಮ್ಮ ದೇಶದ ಒಂದು ಮೂಲೆ ನಿಮ್ಮದಲ್ಲ ಅಂತ ಯಾರಾದರೂ ಅಂದರೆ ನೀನೇನಂತೀಯ?” ಎಂದು ಕೇಳಿದಳು.

“ಅರುಣಾಚಲ ನಮ್ಮದೇ” ಎಂಬ ಮಾತು ಯೋಚಿಸುವ ಮೊದಲೇ ನನ್ನ ಬಾಯಿಂದ ಬಂದುಬಿಟ್ಟಿತು. ಅವಳು ವಾದ ಮಾಡಲಿಲ್ಲ. ತಲೆಯಾಡಿಸಿ ತನ್ನ ಮೇಜಿಗೆ ಹೋದಳು. ಅವಳು ಹೇಳುವುದಕ್ಕೂ ನಾನು ಹೇಳಿದ್ದಕ್ಕೂ ವ್ಯತ್ಯಾಸ ಇದೆ ಅಂತ ನನಗೆ ಖಂಡಿತ ಅನ್ನಿಸಿತು. ಏನು ವ್ಯತ್ಯಾಸ ಎಂದು ಬಿಡಿಸಿ ಹೇಳಲು ಕೂತರೆ ಮಾತ್ರ ಎಳೆ ಸಿಗಲಿಲ್ಲ.

ಅದೇ ಸಂಜೆ ಲೈಡನ್ನಿನಿಂದ ಫೋನು. “ಅಕ್ಕ, ಆ ಫೋಟೋ ಯಾರಿಗೂ ಕಳಿಸ್ಬೇಡಿ. ನಮ್ಮಪ್ಪನ ಅಕ್ಕ ಇನ್ನೂ ಲಾಸಾದಲ್ಲೇ ಇದಾರೆ. ಅವ್ರ ಮಕ್ಳು ಮೊಮ್ಮಕ್ಳು ಎಲ್ಲ ಅಲ್ಲೇ.” ಆಮೇಲೆ ದನಿ ತಗ್ಗಿಸಿ, “ನಿಮ್ ಫ್ರೆಂಡು ಯಾರಿಗಾದ್ರೂ ಹೇಳೋರಾ?”

“ಇಲ್ಲಪ್ಪ, ಪಾಪ, ಅವಳೇ ಹೆದ್ರಿದಾಳೆ” ಎಂದೆ.

“ಅವ್ರ್ಯಾಕೆ ಹೆದರ್ತಾರೆ?” ಅವಳಿಗೆ ನಂಬಿಕೆ ಬರಲಿಲ್ಲ. ನನ್ನ ಮಾತಿನ ಮೇಲೆ ನನಗೂ ಎಷ್ಟು ನಂಬಿಕೆಯಿತ್ತೋ. ಗಂಡನ ಫೋನು ಇಸಿದುಕೊಂಡು ಫೋಟೋ ಅಳಿಸಿದೆ.

ಈಗ ಇಬ್ಬರೂ ಬೇರೆ ಬೇರೆಯಾಗಿ ಮನೆಗೆ ಬರುತ್ತಾರೆ. ಹೋದ ತಿಂಗಳು ಚೀನೀ ಗೆಳತಿ ಊರಿನಿಂದ ಬಂದ ಟೀ ಪೊಟ್ಟಣವೊಂದನ್ನು ಕೈಗಿಟ್ಟು, “ಅವರಿಗೆ ಕೊಡು” ಎಂದಳು. ಕ್ಷಮೆ ಕೇಳುತ್ತಿದ್ದಾಳೋ, ಸುಮ್ಮನೆ ಕೊಡುತ್ತಿದ್ದಾಳೋ ತಿಳಿಯಲಿಲ್ಲ. ಯಾರದೆಂದು ಹೇಳಿಯೇ ಕೊಟ್ಟೆ. ಲೈಡನ್ನಿನವಳು ಪೊಟ್ಟಣವನ್ನು ತಿರುಗಿಸಿ ನೋಡಿ ಚೀಲಕ್ಕೆ ಹಾಕಿಕೊಂಡಳು.

ವಾರದ ಮೇಲೆ, ಟೀ ಹೇಗಿತ್ತು ಎಂದು ಕೇಳಿದೆ.

“ಕುಡ್ದೆ ಅಕ್ಕ, ಚೆನ್ನಾಗಿತ್ತು. ಒಟ್ಟಿಗೆ ಕೂರೋದು ಮಾತ್ರ ಬೇಡ.”

ಗೆಳತಿಗೆ ಮೊದಲರ್ಧವನ್ನು ಮಾತ್ರ ಹೇಳಿದ್ದೇನೆ.